ಗುಟ್ಟಾಗಿ ಬೇಡ, ಒಂದೇ ದಿನಕ್ಕೂ ಬೇಡ

ಪ್ರಿಯ ಸೋದರಿ,

ನಿಮ್ಮ ನಾಲ್ಕು ಪುಟದ ಪತ್ರವನ್ನು ಎರಡು ಸಲ ಓದಿದೆ. ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ. ಉಳಿದ ಓದುಗರಿಗೆ ವಿಷಯ ಗೊತ್ತಾಗಲಿ ಎಂದು ಪತ್ರದ ಸಾರ ಹೇಳಿಬಿಡುತ್ತೇನೆ. ನಿಮ್ಮ ಯಜಮಾನರಿಗೆ 46 ವರ್ಷ. ಕುಡಿತ ಶುರುವಾಗಿ 12 ವರ್ಷವಾಯಿತು. ಕಳೆದ ನಾಲ್ಕು ವರ್ಷದಲ್ಲಿ ಒಂದು ದಿನವೂ ತಪ್ಪಿಲ್ಲ. ಕೆಲಸಕ್ಕೆ ಹೋಗುತ್ತಾರೆ. ಯಾರ ಮೇಲೂ ಕೈ ಎತ್ತುವುದಿಲ್ಲ. ಆದರೆ ಬೆಳಿಗ್ಗೆ ಅಂಗಿಯ ಗುಂಡಿ ಹಾಕಿಕೊಳ್ಳಲು ಆಗದಷ್ಟು ಕೈ ನಡುಗುತ್ತದೆ. ಒಂದು ಗುಟುಕು ಒಳಗೆ ಹೋದ ಮೇಲೆ ನಡುಕ ನಿಲ್ಲುತ್ತದೆ. ನೀವು ಕೇಳಿರುವುದು ಮೂರು ಪ್ರಶ್ನೆ. ಇದು ಚಟವೋ, ಕಾಯಿಲೆಯೋ? ನೆಂಟರು ಹೇಳುವಂತೆ ಆಣೆ ಹಾಕಿಸಿ ಒಂದೇ ದಿನಕ್ಕೆ ಬಿಡಿಸಬಹುದಾ? ಪರಿಚಯದವರೊಬ್ಬರು ಕೊಟ್ಟ ಡೈಸಲ್ಫಿರಾಮ್ ಮಾತ್ರೆಯನ್ನು ಅವರಿಗೆ ಗೊತ್ತಾಗದ ಹಾಗೆ ಊಟದಲ್ಲಿ ಬೆರೆಸಬಹುದಾ?

ಕೊನೆಯ ಪ್ರಶ್ನೆಗೇ ಮೊದಲು ಉತ್ತರ ಹೇಳುತ್ತೇನೆ, ಯಾಕೆಂದರೆ ಅದಕ್ಕೆ ಅವಸರವಿದೆ. ಬೇಡ. ದಯವಿಟ್ಟು ಬೇಡ.

ಆ ಮಾತ್ರೆ ಹೇಗೆ ಕೆಲಸ ಮಾಡುತ್ತದೆ ಕೇಳಿ. ಕುಡಿದ ಮದ್ಯವನ್ನು ಲಿವರ್ ಮೊದಲು ಅಸಿಟಾಲ್ಡಿಹೈಡ್ ಎಂಬ ವಿಷವಾಗಿ ಒಡೆಯುತ್ತದೆ. ಕೂಡಲೇ ಅದನ್ನೂ ಒಡೆದು ಅಪಾಯವಿಲ್ಲದ ವಸ್ತುವಾಗಿ ಮಾಡುತ್ತದೆ. ಡೈಸಲ್ಫಿರಾಮ್ ಈ ಎರಡನೇ ಕೆಲಸವನ್ನು ತಡೆಯುತ್ತದೆ. ಡೆನ್ಮಾರ್ಕಿನ ಸಂಶೋಧಕರು 1948ರಲ್ಲಿ ಇದನ್ನು ಪ್ರಕಟಿಸಿದರು. ಮಾತ್ರೆ ತಿಂದವರು ಕುಡಿದರೆ ಆ ವಿಷ ಮೈಯಲ್ಲೇ ತುಂಬಿಕೊಳ್ಳುತ್ತದೆ. ಮುಖ ಕೆಂಪಾಗುತ್ತದೆ, ಎದೆ ಡವಡವ ಎನ್ನುತ್ತದೆ, ವಾಂತಿ ಬರುತ್ತದೆ, ರಕ್ತದೊತ್ತಡ ಕುಸಿಯುತ್ತದೆ. ಹೃದಯವೋ ಲಿವರೋ ಮೊದಲೇ ಕೆಟ್ಟಿದ್ದರೆ ಜೀವಕ್ಕೇ ಕುತ್ತು. ಮಾತ್ರೆ ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಅದರ ಪ್ರಭಾವ ಉಳಿಯಬಹುದು. ಆದ್ದರಿಂದ ಇದನ್ನು ಕೊಡುವುದು ಎಲ್ಲ ತಿಳಿದು ಒಪ್ಪಿಕೊಂಡವರಿಗೆ ಮಾತ್ರ, ಅದೂ ಡಾಕ್ಟರ್ ಪರೀಕ್ಷೆ ಮಾಡಿದ ಮೇಲೆ. ಇನ್ನೊಂದು ಮಾತೂ ಇದೆ. ಒಂದು ದಿನ ವಿಷಯ ಅವರಿಗೆ ಗೊತ್ತಾಗೇ ಆಗುತ್ತದೆ. ಆಮೇಲೆ ನಿಮ್ಮ ಕೈಯಿಂದ ಒಂದು ಲೋಟ ನೀರು ಕುಡಿಯಲೂ ಹಿಂಜರಿಯುತ್ತಾರೆ. ಅವರನ್ನು ಚಿಕಿತ್ಸೆಗೆ ಕರೆದೊಯ್ಯಲು ನಿಮ್ಮ ಹತ್ತಿರ ಇರುವುದು ಆ ನಂಬಿಕೆಯೊಂದೇ ಅಲ್ವಾ?

ಇನ್ನು ಆಣೆಯ ವಿಷಯ. ನನ್ನ ಸೋದರಮಾವ ಹೀಗೇ ಒಂದು ಬೆಳಿಗ್ಗೆ ಎಲ್ಲರೆದುರು ಮಾತು ಕೊಟ್ಟು ಕುಡಿತ ಬಿಟ್ಟರು. ಮನೆಯವರಿಗೆಲ್ಲ ಸಂತೋಷವೋ ಸಂತೋಷ. ಮಾರನೇ ದಿನ ಬೆವರು, ನಡುಕ. ಮೂರನೇ ರಾತ್ರಿ ಗೋಡೆ ತುಂಬ ಹುಳ ಹರಿಯುತ್ತಿವೆ ಎಂದು ಕೂಗಿಕೊಂಡರು. ಅತ್ತೆಯ ಗುರುತೂ ಹತ್ತಲಿಲ್ಲ. ನಾವು ತಲೆ ಕೆಟ್ಟಿತು ಎಂದುಕೊಂಡೆವು. ಆಸ್ಪತ್ರೆಗೆ ಸೇರಿಸಿದಾಗ ಡಾಕ್ಟರ್ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ. ಬಿಡುವ ಮುಂಚೆ ಒಂದು ಸಲ ಇಲ್ಲಿಗೆ ಬಂದಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ ಎಂದರು. ಅವರು ಬದುಕಿದರು. ಎಲ್ಲರೂ ಬದುಕುವುದಿಲ್ಲ.

ಹೀಗೇಕೆ ಆಗುತ್ತದೆ? ಮದ್ಯ ಮಿದುಳಿನ ಬ್ರೇಕನ್ನು ಬಲವಾಗಿ ಒತ್ತುತ್ತದೆ. ವರ್ಷಗಟ್ಟಲೆ ಒತ್ತಿಸಿಕೊಂಡ ಮಿದುಳು, ಅದಕ್ಕೆ ಎದುರಾಗಿ ತನ್ನ ವೇಗವನ್ನೂ ಹೆಚ್ಚಿಸಿಕೊಂಡಿರುತ್ತದೆ. ಒಮ್ಮೆಲೇ ಕುಡಿತ ನಿಂತರೆ ಬ್ರೇಕ್ ಹೋಗುತ್ತದೆ, ವೇಗ ಮಾತ್ರ ಉಳಿಯುತ್ತದೆ. ಕೊನೆಯ ಗುಟುಕಿನ ನಂತರ 6 ಗಂಟೆಯಿಂದ ನಡುಕ ಶುರುವಾಗಬಹುದು. ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. 48ರಿಂದ 72 ಗಂಟೆ ಹೊತ್ತಿಗೆ ಕೆಲವರಿಗೆ ನನ್ನ ಮಾವನಿಗಾದ ಸ್ಥಿತಿ ಬರುತ್ತದೆ. ಡಾಕ್ಟರುಗಳು ಅದನ್ನು ಡೆಲಿರಿಯಮ್ ಟ್ರೆಮೆನ್ಸ್ ಎನ್ನುತ್ತಾರೆ. ನಿಗಾ ಇಟ್ಟು, ಔಷಧ ಕೊಟ್ಟು ಬಿಡಿಸಿದರೆ ಈ ಕೆಲವು ದಿನಗಳನ್ನು ಸುರಕ್ಷಿತವಾಗಿ ದಾಟಬಹುದು. ಅಲ್ಲಿಯವರೆಗೆ ಬಾಟಲಿ ಬಚ್ಚಿಡುವುದು, ಚೆಲ್ಲುವುದು ಮಾಡಬೇಡಿ. ಬರೆಯಲು ನನಗೇ ಕಷ್ಟವಾಗುತ್ತಿದೆ, ಆದರೂ ಹೇಳಲೇಬೇಕು.

ಈಗ ಮೊದಲ ಪ್ರಶ್ನೆ. ಬೆಳಗಿನ ನಡುಕ ಗುಟುಕಿಗೆ ನಿಲ್ಲುತ್ತದೆ ಎಂದರೆ ಇದು ಕಾಯಿಲೆಯೇ. ಮೈ ಮದ್ಯವನ್ನು ನಂಬಿಕೊಂಡುಬಿಟ್ಟಿದೆ. ಡಾಕ್ಟರುಗಳು ಕೇಳುವ ನಾಲ್ಕು ಪ್ರಶ್ನೆಗಳಿವೆ. ಕಡಿಮೆ ಮಾಡಬೇಕು ಎಂದು ಯಾವತ್ತಾದರೂ ಅನ್ನಿಸಿದೆಯೇ? ಕುಡಿತದ ಬಗ್ಗೆ ಯಾರಾದರೂ ಆಡಿದರೆ ಸಿಟ್ಟು ಬಂದಿದೆಯೇ? ತಪ್ಪು ಮಾಡುತ್ತಿದ್ದೇನೆ ಎಂದು ಮನಸ್ಸು ಚುಚ್ಚಿದೆಯೇ? ಎದ್ದ ಕೂಡಲೇ ಕುಡಿಯಬೇಕಾಗಿ ಬಂದಿದೆಯೇ? ಎರಡಕ್ಕೆ ಹೌದು ಎಂದರೂ ಪರೀಕ್ಷೆ ಮಾಡಿಸಬೇಕು. ನಿಮ್ಮ ಪತ್ರದಲ್ಲಿ ನಾಲ್ಕಕ್ಕೂ ಹೌದು ಎಂಬ ಉತ್ತರವೇ ಇದೆ.

‘ಅವರು ಚೆನ್ನಾಗೇ ಇದ್ದಾರಲ್ಲ’ ಎಂದು ನೆಂಟರು ಹೇಳುತ್ತಾರಂತೆ. ಲಿವರಿನ ಮೋಸ ಇಲ್ಲೇ ಇರುವುದು. ಅದರ ಒಳಗೆ ನೋವು ತಿಳಿಸುವ ನರಗಳಿಲ್ಲ. ಮೊದಲು ಕೊಬ್ಬು ತುಂಬುತ್ತದೆ, ಗೊತ್ತೇ ಆಗುವುದಿಲ್ಲ. ಈ ಹಂತದಲ್ಲಿ ಕುಡಿತ ನಿಂತರೆ ಕೆಲವೇ ವಾರಗಳಲ್ಲಿ ಅದು ಸರಿಹೋಗಬಲ್ಲದು. ನಿಲ್ಲದಿದ್ದರೆ ಉರಿಯೂತ, ಆಮೇಲೆ ಗಾಯದ ಕಲೆಗಟ್ಟಿ ಗಟ್ಟಿಯಾಗುವುದು. ಇದೇ ಸಿರೋಸಿಸ್. ಗಟ್ಟಿಯಾದ ಲಿವರಿನೊಳಗೆ ರಕ್ತ ನುಗ್ಗಲಾರದೆ ಹಿಂದಕ್ಕೆ ಒತ್ತುತ್ತದೆ. ಹೊಟ್ಟೆಯಲ್ಲಿ ನೀರು ತುಂಬುತ್ತದೆ. ಅನ್ನನಾಳದ ರಕ್ತನಾಳಗಳು ಉಬ್ಬಿ ಒಡೆದರೆ ರಕ್ತವಾಂತಿ. ಕಣ್ಣು ಹಳದಿಯಾದರೆ, ಮಲ ಟಾರಿನಂತೆ ಕಪ್ಪಾದರೆ, ಹಗಲಲ್ಲೇ ಮಂಕು ಕವಿದು ಏನೇನೋ ಮಾತಾಡಿದರೆ ಒಂದು ಗಂಟೆಯೂ ಕಾಯಬೇಡಿ. ಆಸ್ಪತ್ರೆಗೆ ಹೋಗಿ.

ಆಗಲೇ ಹೇಳಿದ ಅಸಿಟಾಲ್ಡಿಹೈಡ್ ಜೀವಕೋಶದ ಡಿಎನ್‌ಎಯನ್ನೂ ಕೆಡಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲೇ ಮದ್ಯವನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಬಾಯಿ, ಗಂಟಲು, ಅನ್ನನಾಳ, ಲಿವರ್, ದೊಡ್ಡ ಕರುಳು, ಸ್ತನ, ಹೀಗೆ ಪಟ್ಟಿ ದೊಡ್ಡದು. 2019ರಲ್ಲಿ ಜಗತ್ತಿನಲ್ಲಿ ಸುಮಾರು 26 ಲಕ್ಷ ಜನ ಮದ್ಯದ ಕಾರಣಕ್ಕೆ ಸತ್ತರು ಎಂದು ಅದೇ ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಹಾಕಿದೆ. ಅವರಲ್ಲಿ 20 ಲಕ್ಷ ಮಂದಿ ಗಂಡಸರು.

ನಿದ್ದೆಗಾಗಿ ಕುಡಿಯುತ್ತೇನೆ ಎನ್ನುತ್ತಾರಂತೆ. ಸುಳ್ಳು ಹೇಳುತ್ತಿಲ್ಲ ಬಿಡಿ, ನಿದ್ದೆ ಬೇಗ ಹತ್ತುತ್ತದೆ. ಆದರೆ ನಡುರಾತ್ರಿಯ ನಂತರ ಅದೇ ಮದ್ಯ ನಿದ್ದೆಯನ್ನು ಒಡೆದು ಹಾಕುತ್ತದೆ. ಬೆಳಗಿನ ಸಿಡುಕಿಗೆ ಅದೂ ಒಂದು ಕಾರಣ.

ಹಾಗಾದರೆ ಏನು ಮಾಡಬೇಕು? ಅಮಲಿನಲ್ಲಿರುವಾಗ ಮಾತಾಡಬೇಡಿ, ಗೋಡೆಗೆ ಹೇಳಿದ ಹಾಗೆ. ಅವರು ಸಮಾಧಾನವಾಗಿರುವ ಹೊತ್ತು ನೋಡಿ. ‘ಕುಡುಕ’ ಎನ್ನಬೇಡಿ. ‘ನಿಮ್ಮ ಕೈ ನಡುಗುವುದನ್ನು ನೋಡಿ ಭಯವಾಗುತ್ತಿದೆ, ಒಂದು ಸಲ ತೋರಿಸಿಕೊಂಡು ಬರೋಣ’ ಎನ್ನಿ. ಕುಡಿತದ ಬಗ್ಗೆ ಜಗಳಕ್ಕೆ ಬರುವವರೂ ನಡುಕಕ್ಕೆ ಔಷಧ ಕೇಳಲು ಒಪ್ಪುತ್ತಾರೆ. ಮನೋವೈದ್ಯರಾದರೆ ಒಳ್ಳೆಯದು, ಯಾವ ಡಾಕ್ಟರಾದರೂ ಶುರು ಮಾಡಬಹುದು. ಕುಡಿಯುವ ಆಸೆ ತಗ್ಗಿಸಲು ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಎಂಬ ಔಷಧಗಳಿವೆ. ಯಾವುದು ಸರಿ ಎಂಬುದನ್ನು ಲಿವರ್, ಕಿಡ್ನಿ ನೋಡಿ ಅವರೇ ತೀರ್ಮಾನಿಸುತ್ತಾರೆ. ಬಿಟ್ಟ ಮೇಲೆ ಮತ್ತೆ ಒಂದು ದಿನ ಕುಡಿದು ಬಂದರೆ ಎಲ್ಲ ಹಾಳಾಯಿತು ಎಂದುಕೊಳ್ಳಬೇಡಿ. ನನ್ನ ಮಾವ ಮೂರನೇ ಸಲಕ್ಕೆ ಪೂರ್ತಿ ಬಿಟ್ಟರು.

ಆಲ್ಕೊಹಾಲಿಕ್ಸ್ ಅನಾನಿಮಸ್ ಗುಂಪುಗಳ ಬಗ್ಗೆಯೂ ಕೇಳಿರುತ್ತೀರಿ. 1935ರಲ್ಲಿ ಅಮೆರಿಕದಲ್ಲಿ ಕುಡಿತಕ್ಕೆ ಸಿಕ್ಕಿದ್ದ ಇಬ್ಬರು ಸೇರಿ ಶುರು ಮಾಡಿದ್ದು. ಅವರಲ್ಲೊಬ್ಬರು ಸ್ವತಃ ಡಾಕ್ಟರ್. ಕುಡಿಯುವವರ ಮನೆಯವರಿಗಾಗಿಯೇ 1951ರಿಂದ ಆಲ್-ಅನಾನ್ ಎಂಬ ಗುಂಪುಗಳಿವೆ. ಇದನ್ನು ನಿಮಗಾಗಿ ಹೇಳುತ್ತಿದ್ದೇನೆ.

ಪತ್ರದ ಕೊನೆಯಲ್ಲಿ, ಸಂಜೆಯಾದರೆ ಮಗಳು ಪುಸ್ತಕ ತೆರೆದಿಟ್ಟುಕೊಂಡು ಗೇಟಿನ ಸದ್ದಿಗೆ ಕಿವಿಗೊಟ್ಟು ಕೂತಿರುತ್ತಾಳೆ ಎಂದು ಬರೆದಿದ್ದೀರಿ. ಅವಳಿಗೆ ಇವತ್ತೇ ಹೇಳಿ, ಅಪ್ಪನಿಗೆ ಕಾಯಿಲೆ, ಅದು ನಿನ್ನಿಂದ ಬಂದದ್ದಲ್ಲ ಎಂದು. ಮಕ್ಕಳು ಇದನ್ನು ತಮ್ಮ ತಪ್ಪು ಎಂದುಕೊಂಡು ಒಳಗೊಳಗೇ ಕೊರಗುತ್ತವೆ. ಯಜಮಾನರು ಈ ವಾರ ಆಸ್ಪತ್ರೆಗೆ ಬರಲು ಒಪ್ಪದಿದ್ದರೆ ನೀವೊಬ್ಬರೇ ಹೋಗಿ ಡಾಕ್ಟರ ಹತ್ತಿರ ಮಾತಾಡಿ ಬನ್ನಿ. ಆ ಮಾತ್ರೆಗಳನ್ನೂ ತೆಗೆದುಕೊಂಡು ಹೋಗಿ. ಬಂದ ಮೇಲೆ ನನಗೆ ಒಂದು ಸಾಲು ಬರೆಯಿರಿ, ಕಾಯುತ್ತಿರುತ್ತೇನೆ.

— ಸಂಪಾದಕ