ತೆಪ್ಪೋತ್ಸವ ಅಂದುಕೊಂಡ ಅಜ್ಜನಿಂದ ಶುರು ಮಾಡಿ

ನಮಸ್ಕಾರ.

ಬಂಗಾರಪೇಟೆಯಿಂದ ನೀವು ಕಳಿಸಿದ 'ವ್ಯಂಗ್ಯಚಿತ್ರ: ಸಮಾಜದ ಕನ್ನಡಿ' ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ನಮ್ಮ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ವಾಪಸ್ ಕಳಿಸಿ ಸುಮ್ಮನಾಗಲೂ ಮನಸ್ಸು ಬರಲಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲ ಮೂರು ಪುಟದಲ್ಲಿ ಒಂದು ಚಿತ್ರವೂ ಕಣ್ಣಿಗೆ ಕಟ್ಟುವುದಿಲ್ಲ. 'ತೀಕ್ಷ್ಣ', 'ಮಾರ್ಮಿಕ', 'ಮೊನಚಾದ' ಅನ್ನುವ ಮಾತುಗಳು ಜಾಸ್ತಿ ಇವೆ. ಚಿತ್ರದಲ್ಲಿ ಯಾರಿದ್ದರು, ಅವರ ಕೈಯಲ್ಲಿ ಏನಿತ್ತು, ಕೆಳಗೆ ಏನು ಬರೆದಿತ್ತು ಅನ್ನುವುದೇ ಇಲ್ಲ. ಓದುವವರ ಮುಂದೆ ಆ ಕಾರ್ಟೂನ್ ಇರುವುದಿಲ್ಲ. ನೀವು ತೋರಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ.

'ಅಬು ಅಬ್ರಹಾಂ ತುರ್ತು ಪರಿಸ್ಥಿತಿಯನ್ನು ದಿಟ್ಟವಾಗಿ ಖಂಡಿಸಿದರು' ಅಂತ ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಹೇಗೆ ಖಂಡಿಸಿದರು? 1975ರ ಡಿಸೆಂಬರ್‌ನಲ್ಲಿ ಇಂಡಿಯನ್ ಎಕ್ಸ್‌ಪ್ರೆಸ್‌ನಲ್ಲಿ ಬಂದ ಅವರ ಆ ವ್ಯಂಗ್ಯಚಿತ್ರ ನೋಡಿ. ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದ್ ಸ್ನಾನದ ತೊಟ್ಟಿಯಲ್ಲಿ ಕೂತಿದ್ದಾರೆ. ಸಹಿ ಮಾಡಿದ ಕಾಗದವನ್ನು ಅಲ್ಲಿಂದಲೇ ಬಾಗಿಲ ಕಡೆ ಚಾಚಿದ್ದಾರೆ. ಇನ್ನೂ ಸುಗ್ರೀವಾಜ್ಞೆಗಳಿದ್ದರೆ ಸ್ವಲ್ಪ ಕಾಯಲು ಹೇಳಿ ಅನ್ನುವ ಅರ್ಥದ ಮಾತು ಕೆಳಗಿದೆ. ಅಡಿಬರಹವನ್ನು ಕೈಯಿಂದ ಮುಚ್ಚಿ. ಸ್ನಾನದ ಮನೆಯಲ್ಲೂ ಕೆಲಸ ಬಿಡದ ಒಬ್ಬ ಹಿರಿಯರು ಕಾಣುತ್ತಾರೆ, ಅಷ್ಟೇ. ಈಗ ಚಿತ್ರ ಮುಚ್ಚಿ. ಕೆಲಸ ಜಾಸ್ತಿಯಾದ ಯಾವುದೋ ಆಫೀಸಿನ ಮಾತಿನ ಹಾಗಿದೆ. ಎರಡನ್ನೂ ಜೊತೆಗಿಟ್ಟಾಗ ಮಾತ್ರ, ಓದದೆ ಯೋಚಿಸದೆ ಒಂದರ ಹಿಂದೆ ಒಂದಕ್ಕೆ ಸಹಿ ಬೀಳುತ್ತಿದೆ ಅನ್ನುವುದು ಹೊಳೆಯುತ್ತದೆ. ಅದನ್ನು ಅಬು ಎಲ್ಲೂ ಬರೆದಿಲ್ಲ. ನಾವೇ ಜೋಡಿಸಿಕೊಳ್ಳುತ್ತೇವೆ. ಪತ್ರಿಕೆಗಳ ಮೇಲೆ ಸೆನ್ಸಾರ್ ಕೂತಿದ್ದ ದಿನಗಳು ಅವು, ನೆನಪಿರಲಿ.

ಇನ್ನೊಂದು ಗಮನಿಸಿ. ಅಲ್ಲಿ ಅವರ ಬರಿಮೈಯನ್ನು ಯಾರೂ ಹಂಗಿಸುತ್ತಿಲ್ಲ. ನಗು ಬೀಳುವುದು ಆ ಸಹಿಯ ಮೇಲೆ. ನೀವು ಎರಡನೇ ಪುಟದಲ್ಲಿ ಒಬ್ಬ ನಾಯಕರ ಹೊಟ್ಟೆಯ ಬಗ್ಗೆ ಬರೆದಿದ್ದೀರಲ್ಲ, ಅದನ್ನು ದಯವಿಟ್ಟು ತೆಗೆಯಿರಿ. ಮೈಯನ್ನು ಆಡಿಕೊಂಡರೆ ಅಧಿಕಾರ ಪಾರಾಗಿಬಿಡುತ್ತದೆ.

ಒಂದು ತಪ್ಪೂ ಇದೆ. 'ಆರ್.ಕೆ. ಲಕ್ಷ್ಮಣರ ಶ್ರೀಸಾಮಾನ್ಯ ಜನರ ಪರವಾಗಿ ಮಾತಾಡುತ್ತಾನೆ' ಅಂದಿದ್ದೀರಿ. ಅವರ ಕಾರ್ಟೂನುಗಳಲ್ಲಿ ಬರುವ ಆ ಪಾತ್ರ ಮಾತಾಡುವುದೇ ಇಲ್ಲ! ಚೌಕಳಿ ಕೋಟು, ಪಂಚೆ, ಕನ್ನಡಕ ಹಾಕಿಕೊಂಡು ಸುಮ್ನೆ ನಿಂತು ನೋಡುತ್ತಿರುತ್ತಾನೆ. ಮಾತೆಲ್ಲ ಮಂತ್ರಿಗಳದ್ದು, ಅಧಿಕಾರಿಗಳದ್ದು, ಕೆಲವು ಸಲ ಅವನ ಹೆಂಡತಿಯದ್ದು. ಅವನು ಬಾಯಿ ಬಿಡದೆ ಇರುವುದರಿಂದಲೇ ಅವರ ಮಾತು ಎಷ್ಟು ಪೊಳ್ಳು ಅನ್ನುವುದು ನಮಗೆ ಕೇಳಿಸುತ್ತದೆ. ಲಕ್ಷ್ಮಣರು ನಮ್ಮ ಮೈಸೂರಿನವರು, ಹಾಸ್ಯ ಲೇಖಕ ರಾಶಿಯವರು (ಡಾ. ಎಂ. ಶಿವರಾಂ) 1942ರಲ್ಲಿ ಶುರು ಮಾಡಿದ ಹಾಸ್ಯ ಪತ್ರಿಕೆ 'ಕೊರವಂಜಿ'ಗೂ ಚಿತ್ರ ಬರೆದವರು. ಕನ್ನಡದಲ್ಲಿ ಈ ವಿಷಯ ಬರೆಯುವಾಗ ಆ ಪತ್ರಿಕೆಯ ಹೆಸರೇ ಬಾರದಿದ್ದರೆ ನನಗೆ ಬೇಜಾರಾಗುತ್ತದೆ.

ಈಗ ನಾಲ್ಕನೇ ಪುಟಕ್ಕೆ ಬರುತ್ತೇನೆ. ಟೀ ಅಂಗಡಿಯಲ್ಲಿ ಪೇಪರ್ ಹಿಡಿದ ನಿಮ್ಮ ಅಜ್ಜ. ಅವರಿಗೆ ಓದಲು ಬರದು. ಕಾರ್ಟೂನಿನಲ್ಲಿ ಬಿರುಕು ಬಿಟ್ಟ ಕೆರೆ. ನಾಯಕರೊಬ್ಬರು ಹಾರ ಹಾಕಿಕೊಂಡು ದೋಣಿಯಲ್ಲಿ ಕೂತು ಗಾಳಿಯಲ್ಲಿ ಹುಟ್ಟು ಹಾಕುತ್ತಿದ್ದಾರೆ. ದೋಣಿ ಇರುವುದು ನಾಲ್ಕು ಜನ ರೈತರ ಹೆಗಲ ಮೇಲೆ. ಅಜ್ಜ ಕೇಳಿದ್ದು, "ಇದ್ಯಾವೂರ ತೆಪ್ಪೋತ್ಸವನೋ?" ಅಂತ. ನೀವು ಕೆಳಗಿನ ಸಾಲು ಓದಿದಿರಿ: "ನೀರು ಬಂದಿಲ್ಲ ಅಂದೋರು ಯಾರು?" ಅಜ್ಜ ನಕ್ಕರು. ಆಮೇಲೆ ತುಂಬಾ ಹೊತ್ತು ಮಾತಾಡಲಿಲ್ಲ.

ಇದನ್ನು ಎರಡೇ ಸಾಲಿನಲ್ಲಿ ಬರೆದು, 'ಅನಕ್ಷರಸ್ಥರಿಗೆ ವ್ಯಂಗ್ಯ ತಿಳಿಯುವುದಿಲ್ಲ' ಅಂತ ಮುಗಿಸಿದ್ದೀರಿ. ಅಲ್ಲ ಕಣ್ರೀ, ಅಜ್ಜ ಸರಿಯಾಗಿಯೇ ನೋಡಿದ್ದಾರೆ! ಹಾರ ಹಾಕಿಕೊಂಡು ಜನರ ಹೆಗಲ ಮೇಲೆ ಸಾಗುವುದು ನಮ್ಮಲ್ಲಿ ಉತ್ಸವಮೂರ್ತಿ ತಾನೇ? ಆ ನೋಟ ಅಜ್ಜನ ಕಣ್ಣಲ್ಲಿ ಮೊದಲೇ ಇತ್ತು. ಚಿತ್ರ ಬರೆದವರು ಕೈ ಹಾಕಿದ್ದು ಅದಕ್ಕೇ. ನಾಯಕ ದೇವರಾಗಿದ್ದಾನೆ, ಹೊರುವವರು ನಾವು, ನೀರು ಮಾತ್ರ ಇಲ್ಲ. ಅಡಿಬರಹ ಕೊಟ್ಟಿದ್ದು ಅದರಲ್ಲಿ ಅರ್ಧ. ಉಳಿದರ್ಧವನ್ನು ಅಜ್ಜ ಅಕ್ಷರ ಇಲ್ಲದೆಯೇ ಹಿಡಿದಿದ್ದರು.

ಲೇಖನವನ್ನು ಇಲ್ಲಿಂದ ಶುರು ಮಾಡಿ. ಮೊದಲ ಮೂರು ಪುಟ ಬಿಟ್ಟುಬಿಡಿ. ಇದು ಯಾವ ವರ್ಷದ ಮಾತು ಅಂತ ಹೇಳಿ. 2018ರಲ್ಲಿ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಕೊಳಚೆಯನ್ನು ಸಂಸ್ಕರಿಸಿ ಕಳಿಸುವ ನೀರು, ನಮ್ಮ ಲಕ್ಷ್ಮೀಸಾಗರ ಕೆರೆಗೆ ಬರುವ ಮುಂಚೆಯೋ, ಆಮೇಲೋ? ನಮ್ಮ ಜಿಲ್ಲೆಯವರಿಗೆ ಅದರಿಂದ ಆ ದೋಣಿಯ ಅರ್ಥವೇ ಬದಲಾಗುತ್ತದೆ. ಹೊರಗಿನವರಿಗೆ ಒಣಗಿದ ಕೆರೆ, ಸಾವಿರ ಅಡಿ ದಾಟಿದ ಬೋರ್‌ವೆಲ್ ಬಗ್ಗೆ ಎರಡು ಮಾತು ಬೇಕಾಗುತ್ತದೆ.

ಮತ್ತೆ, ಸುಮ್ಮನಾದ ಮೇಲೆ ಅಜ್ಜ ಏನು ಹೇಳಿದರು? ಪೇಪರನ್ನು ಮಡಿಚಿಟ್ಟರೋ, ಇನ್ನೊಬ್ಬರಿಗೆ ತೋರಿಸಿದರೋ? ನೆನಪು ಮಾಡಿಕೊಂಡು ಬರೆದು ಕಳಿಸಿ. ಕಾಯುತ್ತಿರುತ್ತೇನೆ.

ಸಂಪಾದಕ, ಕೋಲಾರ