65 ಕುರಿಗಳ ರಸೀದಿಯಿಂದ ಶುರು ಮಾಡಿ

ಪ್ರಿಯ ಮಿತ್ರರೇ,

'ಖಡ್ಗದಿಂದ ಕಂಪ್ಯೂಟರ್‌ವರೆಗೆ' ಲೇಖನ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಹಾಕಿಕೊಳ್ಳಲು ಆಗುವುದಿಲ್ಲ. ಆದರೆ ಅದರೊಳಗೆ ಒಂದು ಒಳ್ಳೆಯ ಲೇಖನ ಅಡಗಿ ಕೂತಿದೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನೀವು ಹೇಳಹೊರಟಿದ್ದು ಇಷ್ಟು: ಏಳನೇ ಶತಮಾನದ ಅರಬ್ ವಿಜಯಗಳ ಬಗ್ಗೆ ಗ್ರೀಕ್, ಸಿರಿಯಾಕ್, ಅರಬ್ಬಿ ಭಾಷೆಗಳಲ್ಲಿ ಚೆದುರಿಹೋದ ಬರಹಗಳಿವೆ. ಅವನ್ನೆಲ್ಲ ಕಂಪ್ಯೂಟರಿಗೆ ಕೊಟ್ಟರೆ ಪದದ ಬದಲು ಅರ್ಥ ಹಿಡಿದು ಹುಡುಕಬಹುದು. ಸರಿ. ಆದರೆ ಮೊದಲರ್ಧ ಬರೀ ಯುದ್ಧ, ಉಳಿದರ್ಧ ಬರೀ ಗಣಿತ. ಎರಡೂ ಒಂದರ ಮುಖ ಒಂದು ನೋಡುವುದಿಲ್ಲ.

ಯುದ್ಧದ ಭಾಗ ಮೊದಲು. 'ಮರುಭೂಮಿಯಿಂದ ಬಿರುಗಾಳಿಯಂತೆ ಎದ್ದ ಸೇನೆ' ಅಂತ ಬರೆದಿದ್ದೀರಿ. ಈ ಸಾಲನ್ನು ಎಷ್ಟು ಕಡೆ ಓದಿದ್ದೇನೋ ಲೆಕ್ಕವಿಲ್ಲ. ಎದ್ದದ್ದು ಹೇಗೆ, ಎದುರಿಗಿದ್ದವರು ಸೋತದ್ದು ಯಾಕೆ, ಅದನ್ನು ಹೇಳಿ. 602ರಿಂದ 628ರವರೆಗೆ ಪೂರ್ವ ರೋಮಿನ ಬೈಜಾಂಟಿಯನ್ನರೂ ಪರ್ಷಿಯಾದ ಸಸಾನಿಯನ್ನರೂ ಹೊಡೆದಾಡಿ ಇಬ್ಬರೂ ಹೈರಾಣಾಗಿದ್ದರು. ಸಿರಿಯಾ, ಈಜಿಪ್ಟ್ ಬೈಜಾಂಟಿಯನ್ನರ ಕೈಗೆ ವಾಪಸ್ ಬಂದು ಹತ್ತು ವರ್ಷ ಕಳೆಯುವ ಮೊದಲೇ, 636ರಲ್ಲಿ, ಅರಬ್ಬರು ಅವರನ್ನು ಸೋಲಿಸಿದ ಯರ್ಮೂಕ್ ಕದನ ನಡೆಯಿತು. ಇದು ನಿಮ್ಮ ಲೇಖನದಲ್ಲಿ ಎಲ್ಲೂ ಇಲ್ಲ. ಖಲೀಫ ಉಮರ್ ಕಾಲದಲ್ಲೇ ಸ್ಪೇನ್ ಮತ್ತು ಸಿಂಧ್ ಬಿದ್ದವು ಅಂದಿದ್ದೀರಿ. ಉಮರ್ ತೀರಿಕೊಂಡದ್ದು 644ರಲ್ಲಿ. ಸೇನಾಪತಿ ತಾರಿಕ್ ಸ್ಪೇನಿಗೆ ದಾಟಿದ್ದು 711ರಲ್ಲಿ, ಸಿಂಧ್ ಕೂಡ ಅದೇ ಹೊತ್ತಿಗೆ. ಅದು ನಂತರ ಬಂದ ಉಮಯ್ಯದ್ ರಾಜವಂಶದ ಕಾಲ.

ಇದಕ್ಕಿಂತ ದೊಡ್ಡ ಎಡವಟ್ಟು ಇನ್ನೊಂದಿದೆ. ಆಳ್ವಿಕೆ ಹರಡಿದ್ದನ್ನೂ ಇಸ್ಲಾಂ ಧರ್ಮ ಹರಡಿದ್ದನ್ನೂ ನೀವು ಒಂದೇ ಮಾಡಿಬಿಟ್ಟಿದ್ದೀರಿ. ಆಳ್ವಿಕೆ ನೂರು ವರ್ಷದೊಳಗೆ ಸ್ಪೇನಿನಿಂದ ಸಿಂಧ್‌ವರೆಗೆ ಮುಟ್ಟಿತು. ಜನ ಮತಾಂತರವಾಗಲು ಶತಮಾನಗಳೇ ಹಿಡಿದವು. ಗೆದ್ದವರಲ್ಲಿ ಬಹಳಷ್ಟು ಜನ ಬಸ್ರಾ, ಕೂಫಾ, ಫುಸ್ತಾತ್‌ನಂಥ ಹೊಸ ಊರು ಕಟ್ಟಿಕೊಂಡು ಅಲ್ಲಿದ್ದರು. ಸುತ್ತಲಿನ ಹಳ್ಳಿಗಳಲ್ಲಿ ಹಳೆಯ ಜನ, ಹಳೆಯ ದೇವಸ್ಥಾನ, ಹಳೆಯ ಶಾನುಭೋಗರು.

ಈಗ ಗಣಿತ. ಲೇಟೆಂಟ್ ಸೆಮ್ಯಾಂಟಿಕ್ ಇಂಡೆಕ್ಸಿಂಗ್ ಎಂಬ ಈ ಹುಡುಕುವ ವಿಧಾನದ ಬಗ್ಗೆ 1990ರಲ್ಲಿ ಡೀರ್‌ವೆಸ್ಟರ್, ಡುಮೈ ಮತ್ತು ಸಂಗಡಿಗರು ಬರೆದ ಪ್ರಬಂಧವನ್ನು ನೀವು ನಿಜಕ್ಕೂ ಓದಿದ್ದೀರಿ ಅಂತ ಗೊತ್ತಾಗುತ್ತದೆ, ಖುಷಿಯಾಯಿತು. ಆದರೆ ನಮ್ಮ ಓದುಗರಿಗೆ ಮ್ಯಾಟ್ರಿಕ್ಸ್ ಸಮೀಕರಣ ಬೇಡ. ಹೀಗೆ ಹೇಳಿ: 'ವೈದ್ಯರು', 'ಡಾಕ್ಟರು' ಎರಡೂ ಪದ ಒಂದೇ ಬರಹದಲ್ಲಿ ಬರದೇ ಇರಬಹುದು. ಆದರೆ ಎರಡರ ಸುತ್ತಲೂ ರೋಗಿ, ಔಷಧಿ, ಆಸ್ಪತ್ರೆ ಎಂಬ ಪದಗಳೇ ಇರುತ್ತವೆ. ಯಾವ ಪದ ಯಾವ ಬರಹದಲ್ಲಿ ಎಷ್ಟು ಸಲ ಬಂತು ಎಂಬ ದೊಡ್ಡ ಪಟ್ಟಿಯನ್ನು ಕೆಲವು ನೂರು ಆಯಾಮಗಳಿಗೆ ಕುಗ್ಗಿಸಿದರೆ ಇಂಥ ಪದಗಳು ಹತ್ತಿರ ಹತ್ತಿರ ಬಂದು ಕೂರುತ್ತವೆ. ಇಷ್ಟೇ ಕೆಲಸ. 'ಕಂಪ್ಯೂಟರ್ ಅರ್ಥ ಮಾಡಿಕೊಳ್ಳುತ್ತದೆ' ಅಂತೆಲ್ಲ ಬರೆಯಬೇಡಿ, ಅದು ಲೆಕ್ಕ ಹಾಕುತ್ತದೆ ಅಷ್ಟೆ. ದೊರೆಯನ್ನೂ ಹುಡುಕುವುದನ್ನೂ ಹೇಳುವ ನಮ್ಮ 'ಅರಸು' ಪದ ಕೊಟ್ಟು ನೋಡಿ. ಅದಕ್ಕೆ ಸಿಗುವುದು ಒಂದೇ ಜಾಗ, ಎರಡರ ಮಧ್ಯೆ ಎಲ್ಲೋ.

ನೀವು ಕೇಳಿಕೊಳ್ಳದ ಪ್ರಶ್ನೆಯೊಂದಿದೆ. ಗ್ರೀಕ್ ಬರಹಕ್ಕೂ ಅರಬ್ಬಿ ಬರಹಕ್ಕೂ ಒಂದು ಪದವೂ ಸಮಾನವಿಲ್ಲದಿದ್ದರೆ ಈ ವಿಧಾನ ಅವೆರಡನ್ನು ಜೋಡಿಸುವುದು ಹೇಗೆ? ಜೋಡಿಸುವುದಿಲ್ಲ. ಎರಡು ಬೇರೆ ಗುಡ್ಡೆ ಹಾಕುತ್ತದೆ. ಲ್ಯಾಂಡಾವರ್ ಮತ್ತು ಲಿಟ್‌ಮನ್ ಇದಕ್ಕೊಂದು ಉಪಾಯ ಮಾಡಿದರು. ಕೆನಡಾ ಸಂಸತ್ತಿನ ಕಲಾಪ ಇಂಗ್ಲಿಷ್, ಫ್ರೆಂಚ್ ಎರಡರಲ್ಲೂ ಅಚ್ಚಾಗುತ್ತದೆ. ಒಂದೇ ಮಾತಿನ ಎರಡೂ ರೂಪಗಳನ್ನು ಅಂಟಿಸಿ ಒಂದೇ ಬರಹ ಅಂತ ಕೊಟ್ಟರು. ಆಮೇಲೆ ಇಂಗ್ಲಿಷಿನಲ್ಲಿ ಕೇಳಿದರೆ ಫ್ರೆಂಚ್ ಬರಹಗಳೂ ಸಿಕ್ಕವು.

ಅಂಥದ್ದೇ ಒಂದು ಹಾಳೆ ನಿಮ್ಮ ಲೇಖನದಲ್ಲೇ ಇದೆ! ಏಳನೇ ಪುಟದಲ್ಲಿ, ಒಂದೇ ಸಾಲಿನಲ್ಲಿ, ಸುಮ್ನೆ ಹೇಳಿ ಮುಂದೆ ಹೋಗಿಬಿಟ್ಟಿದ್ದೀರಿ. ವಿಯೆನ್ನಾದಲ್ಲಿರುವ 643ರ ಆ ಪಪೈರಸ್, ಅಂದರೆ ಜೊಂಡಿನ ಹಾಳೆ. ಅರಬ್ ಸೇನಾಪತಿ ಅಮ್ರ್ ಇಬ್ನ್ ಅಲ್-ಆಸ್ ಈಜಿಪ್ಟಿಗೆ ನುಗ್ಗಿ ಆಗಿನ್ನೂ ನಾಲ್ಕು ವರ್ಷ ತುಂಬಿರಲಿಲ್ಲ. ಹೆರಾಕ್ಲಿಯೊಪೊಲಿಸ್ ಊರಿನಲ್ಲಿ ಅಬ್ದುಲ್ಲಾ ಎಂಬ ಅಮೀರ್ ತನ್ನ ಹಡಗಿನವರಿಗೂ ಕುದುರೆ ಸವಾರರಿಗೂ 65 ಕುರಿ ತೆಗೆದುಕೊಂಡು ರಸೀದಿ ಕೊಡುತ್ತಾನೆ. ಮೇಲೆ ಗ್ರೀಕ್, ಕೆಳಗೆ ಅರಬ್ಬಿ. ಗ್ರೀಕ್ ಭಾಗ ಬರೆದವನು ಜಾನ್ ಎಂಬ ಚರ್ಚಿನ ಡೀಕನ್. ಕುರಿಗಳನ್ನು ಆ ಸಾಲಿನ ತೆರಿಗೆಗೆ ಮುಂಗಡ ಅಂತ ಜಮಾ ಹಿಡಿದಿದ್ದಾರೆ, ಅದೂ ಹಳೆಯ ಬೈಜಾಂಟಿಯನ್ ತೆರಿಗೆ ವರ್ಷದ ಲೆಕ್ಕದಲ್ಲಿ. ಅರಬ್ಬಿ ಭಾಗದಲ್ಲಿ 'ವರ್ಷ 22' ಅಂತಿದೆ, ಅದು ಹೊಸ ಹಿಜರಿ ಲೆಕ್ಕ. ಹೊಸ ಆಳ್ವಿಕೆ ಬಂದದ್ದು ಹೇಗೆ ಅಂತ ನಿಮ್ಮ ಆರು ಪುಟದ ಯುದ್ಧಕ್ಕಿಂತ ಇದೊಂದು ಹಾಳೆ ಜಾಸ್ತಿ ಹೇಳುತ್ತದೆ.

ಇನ್ನೂ ನೋಡಿ. ಇದರ ಗ್ರೀಕ್ ಬರಹ ಬಂದವರನ್ನು 'ಸಾರಸೆನ್', 'ಮಾಗರೀತೈ' ಅನ್ನುತ್ತದೆ. ಆ ಕಾಲದ ಸಿರಿಯಾಕ್ ಬರಹಗಳಲ್ಲಿ 'ತಯ್ಯಾಯೆ'. ಹುಡುಕುವ ಪೆಟ್ಟಿಗೆಯಲ್ಲಿ 'ಮುಸ್ಲಿಂ' ಅಂತ ಹೊಡೆದರೆ ಇವ್ಯಾವುವೂ ಸಿಗುವುದಿಲ್ಲ. ನಿಮ್ಮ ಇತಿಹಾಸಕ್ಕೆ ನಿಮ್ಮ ಗಣಿತ ಬೇಕಾಗುವುದು ಇಲ್ಲೇ, ಅಲ್ವಾ?

ಹಾಗಂತ ಒಂದು ಹಾಳೆಯಿಂದ ಕಂಪ್ಯೂಟರ್ ಕಲಿತುಬಿಡುತ್ತದೆ ಅಂತ ಬರೆಯಬೇಡಿ. ಕೆನಡಾದಲ್ಲಿ ರಾಶಿಗಟ್ಟಲೆ ಕಲಾಪ ಇತ್ತು. ಇಲ್ಲಿರುವುದು ಚೂರುಪಾರು, ಅದೂ ಹೆಚ್ಚಾಗಿ ಕುರಿ, ಗೋಧಿ, ಎಣ್ಣೆ, ತೆರಿಗೆಯ ಮಾತು. ಪ್ಯಾಲೆಸ್ಟೈನಿನ ನೆಸ್ಸಾನಾದಲ್ಲಿ ಸಿಕ್ಕ 670ರ ದಶಕದ ದ್ವಿಭಾಷಾ ಆದೇಶಗಳನ್ನೂ ಸೇರಿಸಿಕೊಳ್ಳಿ. ಈ ಕೊರತೆಯನ್ನು ಮುಚ್ಚಿಡದೆ ಹೇಳಿದರೆ ಲೇಖನಕ್ಕೆ ತೂಕ ಬರುತ್ತದೆ.

ರಸೀದಿಯಿಂದಲೇ ಶುರು ಮಾಡಿ ತಿರುಗಿ ಬರೆಯಿರಿ. ಯರ್ಮೂಕ್‌ಗೆ ಎರಡು ಪ್ಯಾರಾ ಸಾಕು. ಶೀರ್ಷಿಕೆ ಬದಲಿಸಿ, ಖಡ್ಗ ಬೇಡ. 1,500 ಪದ ದಾಟಬೇಡಿ. ದಯವಿಟ್ಟು ಯುನಿಕೋಡ್‌ನಲ್ಲಿ ಕಳಿಸಿ. ಈ ಸಲ ಹಳೆಯ ಫಾಂಟಿನಿಂದ ಬದಲಿಸುವಾಗ ಒತ್ತಕ್ಷರಗಳೆಲ್ಲ ಕಲಸಿಹೋಗಿ, ಉಮರ್ ಯಾರು ಅಮ್ರ್ ಯಾರು ಅಂತ ಎರಡು ಪುಟ ಗೊತ್ತೇ ಆಗಲಿಲ್ಲ.

ಇಂತಿ,
ಸಂಪಾದಕ