ಫಂಗಸ್ ಮಾತ್ರೆ ನಿಲ್ಲಿಸುವ ಮುಂಚೆ ಟ್ಯಾಕ್ರೋಲಿಮಸ್ ಲೆವೆಲ್ ಕೇಳಿ

ಶ್ವಾಸಕೋಶ ಕಸಿ ಆಗಿರುವ ನಿಮ್ಮ ತಂದೆಯವರಿಗೆ ಆಸ್ಪರ್ಜಿಲಸ್ ಫಂಗಸ್ ವಾಸಿಯಾಗಿದೆ, ಇನ್ನು ಅದರ ಮಾತ್ರೆ ವೊರಿಕೊನಜೋಲ್ ನಿಲ್ಲಿಸಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ನೀವಾಗಿಯೇ ನಿಲ್ಲಿಸಬೇಡಿ. ನಾನು ನಿಲ್ಲಿಸಿ ಅನುಭವಿಸಿದ್ದೇನೆ.

ನನಗೆ ಚೆನ್ನೈನಲ್ಲಿ ಕಸಿ ಆಗಿತ್ತು. ಹೊಸ ಶ್ವಾಸಕೋಶದ ಕೊಳವೆಯನ್ನು ನಮ್ಮ ಕೊಳವೆಗೆ ಹೊಲಿದಿರುತ್ತಾರಲ್ಲ, ಅಲ್ಲಿ ರಕ್ತ ಓಡಾಟ ಕಡಿಮೆ. ಬ್ರಾಂಕೋಸ್ಕೋಪಿ (ಕ್ಯಾಮೆರಾ ಇರುವ ನಳಿಕೆ ಬಿಟ್ಟು ಉಸಿರಿನ ಕೊಳವೆ ನೋಡುವುದು) ಮಾಡಿದಾಗ ಆ ಹೊಲಿಗೆಯ ಮೇಲೇ ಫಂಗಸ್ ಕೂತಿತ್ತು. ವೊರಿಕೊನಜೋಲ್ ಶುರುವಾಯಿತು. ಮಾತ್ರೆ ನುಂಗಿದ ಸ್ವಲ್ಪ ಹೊತ್ತಿಗೆ ಟ್ಯೂಬ್‌ಲೈಟ್ ಕಣ್ಣು ಕುಕ್ಕುತ್ತಿತ್ತು, ಗೋಡೆಯ ಬಣ್ಣವೇ ಬೇರೆ ಕಾಣುತ್ತಿತ್ತು. ತೋಟಕ್ಕೆ ಕಾಲಿಟ್ಟರೆ ಬಿಸಿಲಿಗೆ ಕೆನ್ನೆ ಕೆಂಪಾಗಿ ಸಿಪ್ಪೆ ಏಳುತ್ತಿತ್ತು. ಮುಂದಿನ ಬ್ರಾಂಕೋಸ್ಕೋಪಿ ಕ್ಲೀನ್ ಅಂತ ಬಂದಿದ್ದೇ ತಡ, ಯಾರನ್ನೂ ಕೇಳದೆ ಬಿಟ್ಟೆ.

ಇಲ್ಲಿ ಏನಾಯಿತು ಅಂತ ಬಿಡಿಸಿ ಹೇಳುತ್ತೇನೆ. ಕಸಿ ಅಂಗವನ್ನು ದೇಹ ತಿರಸ್ಕರಿಸದಿರಲಿ ಅಂತ ಟ್ಯಾಕ್ರೋಲಿಮಸ್ ಕೊಡುತ್ತಾರೆ. ಅದನ್ನು ಕರಗಿಸಿ ಹೊರಹಾಕುವ ಲಿವರ್‌ನ ಕೆಲಸವನ್ನು ವೊರಿಕೊನಜೋಲ್ ನಿಧಾನ ಮಾಡುತ್ತದೆ. ರಕ್ತದಲ್ಲಿ ಟ್ಯಾಕ್ರೋಲಿಮಸ್ ಏರುತ್ತದೆ. ಹಾಗಾಗಿ ಫಂಗಸ್ ಮಾತ್ರೆ ಶುರು ಮಾಡುವಾಗಲೇ ಟ್ಯಾಕ್ರೋಲಿಮಸ್ ಡೋಸನ್ನು ಸಾಮಾನ್ಯವಾಗಿ ಮೂರನೇ ಒಂದು ಭಾಗಕ್ಕೆ ಇಳಿಸುತ್ತಾರೆ. ನನಗೂ ಇಳಿಸಿದ್ದರು. ನಾನು ಒಂದನ್ನು ಬಿಟ್ಟೆ, ಇನ್ನೊಂದರ ಇಳಿಸಿದ ಡೋಸ್ ಹಾಗೇ ಮುಂದುವರಿಸಿದೆ. ಲಿವರ್ ಮೊದಲಿನ ವೇಗಕ್ಕೆ ಬಂತು, ಲೆವೆಲ್ ಕುಸಿಯಿತು. ಜ್ವರ ಇಲ್ಲ, ನೋವಿಲ್ಲ. ಉಸಿರಿನ ಶಕ್ತಿ ಅಳೆಯಲು ಮನೆಯಲ್ಲಿ ಊದುವ ಸ್ಪೈರೋಮೀಟರ್‌ನ ಅಂಕಿ ಮಾತ್ರ ಇಳಿಯುತ್ತಿತ್ತು. ಶೀತ ಇರಬೇಕು ಅಂದುಕೊಂಡೆ. ಬಯಾಪ್ಸಿಯಲ್ಲಿ ರಿಜೆಕ್ಷನ್ ಅಂತ ಬಂತು. ಅದಕ್ಕೆ ಸ್ಟೀರಾಯ್ಡ್ ಡ್ರಿಪ್ ಕೊಟ್ಟರು. ಸ್ಟೀರಾಯ್ಡ್ ಜಾಸ್ತಿಯಾದರೆ ಫಂಗಸ್‌ಗೆ ಮತ್ತೆ ದಾರಿ, ಅಲ್ವಾ? ಅದೇ ಮಾತ್ರೆ ಪುನಃ ಶುರು. ಆಗ ಕಳೆದುಕೊಂಡ ಉಸಿರು ಪೂರ್ತಿ ವಾಪಸ್ ಬರಲೇ ಇಲ್ಲ.

ಹಾಗಾಗಿ ಫಂಗಸ್ ಹೋಯಿತಾ ಅನ್ನೋದೊಂದನ್ನೇ ಇಟ್ಟುಕೊಂಡು ತೀರ್ಮಾನ ಮಾಡಬೇಡಿ. ನಿಲ್ಲಿಸುವ ದಿನದಿಂದ ಟ್ಯಾಕ್ರೋಲಿಮಸ್ ಎಷ್ಟು, ರಕ್ತ ಪರೀಕ್ಷೆ ಯಾವಾಗ ಅಂತ ಕಸಿ ತಂಡದವರಿಂದ ಬರೆಸಿಕೊಳ್ಳಿ. ಚಕ್ಕೋತವನ್ನು ಮನೆಗೇ ತರಬೇಡಿ, ಅದೂ ಟ್ಯಾಕ್ರೋಲಿಮಸ್ ಲೆವೆಲ್ ಏರುಪೇರು ಮಾಡುತ್ತದೆ. ತಂದೆಯವರು ಎಷ್ಟೇ ಹಟ ಮಾಡಿದರೂ ಗೊಬ್ಬರದ ಗುಂಡಿ, ಬೂಷ್ಟು ಹಿಡಿದ ಹುಲ್ಲು, ಒಣ ಅಡಿಕೆ ಸಿಪ್ಪೆಯ ಧೂಳು ಇರುವ ಕಡೆ ಬಿಡಬೇಡಿ, ಈ ಫಂಗಸ್ ಇರುವುದೇ ಅಂಥ ಕಡೆ. ಮಾಸ್ಕ್ ಇದೆಯಲ್ಲ ಅನ್ನೋ ಮಾತನ್ನು ನಾನು ಒಪ್ಪುವುದಿಲ್ಲ.

ಬಿಸಿಲು, ಕಣ್ಣಿನ ತೊಂದರೆ ತಡೆಯೋಕೆ ಆಗದಿದ್ದರೆ ಡಾಕ್ಟರಿಗೆ ಹೇಳಿ. ವೊರಿಕೊನಜೋಲ್ ಬಹಳ ಕಾಲ ತಗೊಂಡರೆ ಚರ್ಮದ ಕ್ಯಾನ್ಸರ್ ಅಪಾಯವೂ ಇದೆ, ಸುಮ್ನೆ ಸಹಿಸಿಕೊಂಡು ಕೂರಬಾರದು. ಪೊಸಕೊನಜೋಲ್ ಅನ್ನೋ ಇನ್ನೊಂದು ಫಂಗಸ್ ಮಾತ್ರೆಗೆ ಬದಲಾಯಿಸಬಹುದು. ಆದರೆ ಅದೂ ಟ್ಯಾಕ್ರೋಲಿಮಸ್ ಏರಿಸುತ್ತದೆ, ಆಗಲೂ ಲೆವೆಲ್ ನೋಡಿಸಲೇಬೇಕು.